ಬಿಲ್ಲು ಮುರಿಯಲಿಲ್ಲ, ಅಂಟು ಬಿಟ್ಟಿತು

ನಾನು ಪದರ ಜೋಡಿಸಿ ಮಾಡಿದ ಮೊದಲ ಬಿಲ್ಲು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಂಡಿತು. ಹೆದೆಯನ್ನು 20 ಇಂಚು ಎಳೆದಿದ್ದೆ ಅಷ್ಟೆ. ಟಿಕ್ ಅಂತ ಸಣ್ಣ ಸದ್ದು. ಬೆನ್ನಿನ ಬಿದಿರು ಒಂದು ಕಡೆ, ಹೊಟ್ಟೆಯ ಮರ ಇನ್ನೊಂದು ಕಡೆ. (ಗುರಿಯ ಕಡೆಗಿರುವುದು ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ.)

ಬಿಚ್ಚಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಟು ಸರಿಯಾಗಿ ಕಚ್ಚಿದ್ದರೆ ಮರದ ನಾರು ಕಿತ್ತು ಬರಬೇಕಿತ್ತು. ಒಂದು ಎಳೆಯೂ ಬಂದಿರಲಿಲ್ಲ, ಎರಡೂ ಮೈ ಗಾಜಿನ ಹಾಗೆ ಹೊಳೆಯುತ್ತಿದ್ದವು. ನುಣ್ಣಗಿದ್ದಷ್ಟೂ ಒಳ್ಳೇದು ಅಂದುಕೊಂಡು 220 ನಂಬರಿನ ಉಜ್ಜುಕಾಗದ ಹಾಕಿ ತಿಕ್ಕಿದ್ದೆ. ಸಾಲದ್ದಕ್ಕೆ ಕ್ಲಾಂಪುಗಳನ್ನು ಕೈ ನೋಯುವಷ್ಟು ಬಿಗಿದಿದ್ದೆ. ಎಪಾಕ್ಸಿ ಅಂಟು ಎಲ್ಲಾ ಪಕ್ಕಕ್ಕೆ ಹರಿದುಹೋಗಿ ನಡುವೆ ಏನೂ ಉಳಿದಿರಲಿಲ್ಲ.

ಎರಡನೇ ಸಲ ಒರಟಾದ 60 ನಂಬರಿನ ಕಾಗದ ಸಾಕು ಅಂದೆ. ಮೇಲಿಂದ ಗರಗಸದ ಬ್ಲೇಡಿನಿಂದ ಉದ್ದಕ್ಕೆ ಗೀರು ಎಳೆದೆ. ಅಸಿಟೋನ್‌ನಲ್ಲಿ ಒರೆಸಿ, ಎರಡೂ ಮೈಗೆ ಅಂಟು ಹಚ್ಚಿದೆ. ಕ್ಲಾಂಪ್ ಬಿಟ್ಟು ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಪಟ್ಟಿ ಮಾಡಿ ಸುತ್ತಿದೆ. ಒತ್ತಡ ಎಲ್ಲಾ ಕಡೆ ಒಂದೇ ಸಮ, ಆದರೆ ಅಂಟು ಪೂರ್ತಿ ಹೊರಗೆ ಬರುವಷ್ಟಲ್ಲ. ಅಂಟು ಹಸಿಯಿದ್ದಾಗಲೇ ತುದಿಗಳನ್ನು ಬೆನ್ನಿನ ಕಡೆಗೆ 2 ಇಂಚು ಬಗ್ಗಿಸಿ ಅಚ್ಚಿಗೆ ಕಟ್ಟಿ 24 ಗಂಟೆ ಮುಟ್ಟಲಿಲ್ಲ. ತೆಳು ಪಟ್ಟಿಗಳು ಕಾವು ಇಲ್ಲದೆಯೇ ಬಗ್ಗುತ್ತವೆ, ಅಂಟು ಒಣಗಿದ ಮೇಲೆ ಹಾಗೇ ನಿಲ್ಲುತ್ತವೆ. ಬಿಚ್ಚಿದಾಗ ಸ್ವಲ್ಪ ಹಿಂದಕ್ಕೆ ಬಂದೀತು, ಗಾಬರಿ ಬೇಡ.

ಒಂದೇ ಮರದಲ್ಲಿ ಕೆತ್ತಿದ್ದು ಮಾತ್ರ ಸಾಂಪ್ರದಾಯಿಕ ಬಿಲ್ಲು ಅನ್ನುವವರಿದ್ದಾರೆ. ಜಪಾನಿನ ಯೂಮಿ ಶತಮಾನಗಳಿಂದ ಬಿದಿರು, ಮರ ಅಂಟಿಸಿದ ಬಿಲ್ಲೇ ಅಲ್ವಾ?

ಆಮೇಲಿನ ಕೆಲಸ ಬಿಲ್ಲಿನ ಎರಡು ತೋಳೂ (ಹಿಡಿಯ ಮೇಲಿನ ಮತ್ತು ಕೆಳಗಿನ ಭಾಗ) ಒಂದೇ ಥರ ಬಾಗುವಂತೆ ಕೆರೆಯುವುದು. ಕೆರೆಯುವುದೆಲ್ಲ ಹೊಟ್ಟೆಯ ಕಡೆಯಿಂದಲೇ. ಬಿದಿರಿನ ಗಟ್ಟಿ ನಾರು ಇರುವುದು ಹೊರಸಿಪ್ಪೆಯ ಹತ್ತಿರ, ಅದನ್ನು ಮುಟ್ಟಿದರೆ ಬಿಲ್ಲು ಹೋಯಿತು. ಇನ್ನೊಂದು, 10 ಮಿ.ಮೀ. ದಪ್ಪದ ತೋಳನ್ನು 9ಕ್ಕೆ ಇಳಿಸಿದರೆ ಬಿಗಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಹಾಗಾಗಿ ನಾಲ್ಕು ಸಲ ಕೆರೆಯುವುದು, ಮೂವತ್ತು ಸಲ ಎಳೆದು ನೋಡುವುದು.

ಇಷ್ಟೆಲ್ಲ ಗೊತ್ತಿದ್ದೂ ಕೆಳಗಿನ ತೋಳು ಬಿಗಿ ಅನ್ನಿಸಿ ಕೆರೆದೆ. ಆಗ ಮೇಲಿನದು ಬಿಗಿ ಅನ್ನಿಸಿತು. ಎಳೆಯಲು 45 ಪೌಂಡ್ ಬಲ ಬೇಡುವ ಬಿಲ್ಲು ಬೇಕಿತ್ತು, 28 ಇಂಚಿನ ಎಳೆತಕ್ಕೆ 40 ಪೌಂಡಿಗೇ ನಿಂತಿತು. ಉಳಿದ 5 ಪೌಂಡ್ ನೆಲದ ಮೇಲೆ ಹೊಟ್ಟಾಗಿ ಬಿದ್ದಿತ್ತು.