ಕನ್ನಡಿ ತಿಕ್ಕುವವರ ಗುಂಪು ಕಟ್ಟುವುದು ಹೇಗೆ: ಗಾಳಿಪಟದಷ್ಟು ಟೆಲಿಸ್ಕೋಪ್ ಯಾಕೆ ಹರಡಲಿಲ್ಲ?

ಕಾರಹುಣ್ಣಿಮೆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಮಾಳಿಗೆಗಳಿಂದ ಗಾಳಿಪಟ ಏರುತ್ತವೆ. ಅದಕ್ಕೆ ಸಂಘ ಬೇಡ, ತರಬೇತಿ ಬೇಡ. ಸಾಮಾನು ಓಣಿಯ ಅಂಗಡಿಯಲ್ಲೇ ಸಿಗುತ್ತದೆ, ಹರಿದರೆ ಇನ್ನೊಂದು ಪಟ ತಂದರಾಯಿತು, ಹಾರಿಸುವುದು ಊರಿಗೆಲ್ಲ ಕಾಣುತ್ತದೆ. ಈ ಮೂರೂ ಕೂಡಿ ಬಂದ ಹವ್ಯಾಸ ತಾನಾಗಿ ಹಬ್ಬುತ್ತದೆ. ಗಾಜನ್ನು ಕೈಯಾರೆ ತಿಕ್ಕಿ, ಬೆಳಕು ಕೂಡಿಸುವ ತಗ್ಗು ಕನ್ನಡಿಯಾಗಿಸಿ ಟೆಲಿಸ್ಕೋಪ್ ಮಾಡುವ ಹವ್ಯಾಸಕ್ಕೆ ಮೂರರಲ್ಲಿ ಒಂದೂ ಇಲ್ಲ. ತಿಂಗಳುಗಟ್ಟಲೆ ಹಿತ್ತಲಲ್ಲಿ ತಿಕ್ಕಬೇಕು, ಒಂದು ಗೀರು ಬಿದ್ದರೆ ಹಿಂದಿನ ಹಂತಕ್ಕೆ ಮರಳಬೇಕು, ಅಷ್ಟು ದಿನವೂ ಪಕ್ಕದ ಮನೆಯವರಿಗೆ ಸುದ್ದಿಯೇ ಇರುವುದಿಲ್ಲ.

ಕಷ್ಟದ ವಿದ್ಯೆ ಹರಡುವುದೇ ಇಲ್ಲ ಅನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಬೇಕು. ಹಿಂದುಸ್ತಾನಿ ಸಂಗೀತ ವರ್ಷಗಟ್ಟಲೆ ಬೇಡುತ್ತದೆ. ಪಂಚಾಕ್ಷರಿ ಗವಾಯಿಗಳು ಅಲ್ಲಿ ಅನ್ನ, ವಸತಿ, ಗುರು ಮೂರನ್ನೂ ಒಂದೇ ಕಡೆ ಇಟ್ಟರು. ಮೊದಲ ವರ್ಷಗಳ ಭಾರ ಕಲಿಯುವವನ ಹೆಗಲ ಮೇಲೆ ಬೀಳಲಿಲ್ಲ. ಕನ್ನಡಿ ತಿಕ್ಕುವುದಕ್ಕೂ ಅಮೆರಿಕದಲ್ಲಿ ಹೀಗೇ ಕಾಲು ಬಂತು. ವರ್ಮಾಂಟಿನ ಸ್ಪ್ರಿಂಗ್‌ಫೀಲ್ಡ್ ಆಗ ಯಂತ್ರೋಪಕರಣ ತಯಾರಿಸುತ್ತಿದ್ದ ಊರು. 1920ರಲ್ಲಿ ರಸೆಲ್ ಪೋರ್ಟರ್ ಎಂಬ ಟೆಲಿಸ್ಕೋಪ್ ಹವ್ಯಾಸಿ ಅಲ್ಲಿ ಒಂದು ಗುಂಪಿಗೆ ಪಾಠ ಶುರು ಮಾಡಿದರು. ಕಾರ್ಖಾನೆಯಲ್ಲಿ ಅಳತೆ ನೋಡಿ ಪಳಗಿದ ಕೈಗಳಿಗೆ ಕೆಲಸ ಬೇಗ ಹತ್ತಿತು, 1925ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಇದರ ಬಗ್ಗೆ ಬರೆದ ಮೇಲೆ ದೇಶವೆಲ್ಲ ತಿಕ್ಕತೊಡಗಿತು. ನಮ್ಮಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಕೆಲಸದವರಿದ್ದಾರೆ. ಗುಂಪಿಗೆ ಮೊದಲು ಕರೆಯಬೇಕಾದವರು ಅವರೇ, ಕಾಲೇಜು ಹುಡುಗರು ಆಮೇಲೆ ಬರಲಿ.

ಆರಂಭ ತಿಕ್ಕುವುದರಿಂದ ಆಗಬಾರದು. ಜನವರಿಯಿಂದ ಮಾರ್ಚ್‌ವರೆಗೆ ಪಂಚಾಂಗ ನೋಡಿ ಶುಕ್ಲ ಪಂಚಮಿಯಿಂದ ದಶಮಿಯೊಳಗೆ ಒಂದು ಸಂಜೆ ಗೊತ್ತು ಮಾಡಿ, 10×50 ಬೈನಾಕ್ಯುಲರ್ ಅಥವಾ ಎರವಲು ತಂದ ಸಣ್ಣ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ತೋರಿಸಿ. ಅಷ್ಟಮಿ ಅತ್ಯುತ್ತಮ: ಬೆಳಕು-ಕತ್ತಲ ಗಡಿಯಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಹುಣ್ಣಿಮೆಯಂದು ನೆರಳೇ ಇಲ್ಲ, ನೋಡಿದವರು ನಿರಾಶರಾಗಿ ಹೋಗುತ್ತಾರೆ. ಬೀದಿದೀಪದ ಚಿಂತೆ ಬೇಡ, ವಿದ್ಯಾನಗರದ ಮಾಳಿಗೆಯಿಂದಲೂ ಚಂದ್ರ, ಗುರು, ಶನಿ ಚೆನ್ನಾಗಿ ಕಾಣುತ್ತವೆ. ಎರಡನೇ ಸಲವೂ ಬಂದವರ ಹೆಸರು ಬರೆದಿಟ್ಟುಕೊಳ್ಳಿ. ಅವರಲ್ಲಿ ನಾಲ್ಕರಿಂದ ಆರು ಜನ ಸಾಕು.

ತಿಕ್ಕಲು ಮಳೆಗಾಲವೇ ಸರಿ. ಆಕಾಶ ಹೇಗೂ ಮುಚ್ಚಿರುತ್ತದೆ. ಪಾಲಿಶ್‌ಗೆ ಬಳಸುವ ಪಿಚ್ (ರಾಳದಂಥ ಅಂಟು) ಏಪ್ರಿಲ್-ಮೇ ಬಿಸಿಲಿಗೆ ಮೆತ್ತಗಾಗಿ ಹರಿದು, ಅದರಲ್ಲಿ ಕೊರೆದ ಸಣ್ಣ ಕಾಲುವೆಗಳು ಮುಚ್ಚಿಹೋಗುತ್ತವೆ. ಧಾರವಾಡದ ಜುಲೈ ತಂಪಿನಲ್ಲಿ ಅದು ಹೇಳಿದ ಮಾತು ಕೇಳುತ್ತದೆ. ಜೂನ್ ಎರಡನೇ ವಾರದಿಂದ ಹದಿನಾಲ್ಕು ಭಾನುವಾರ, ದಿನಕ್ಕೆ ಎರಡು ತಾಸು. ಮೊದಲ ಕನ್ನಡಿಗೆ ಇಷ್ಟು ಸಾಕಾಗುತ್ತದೆ.

ಗಾಜು 150 ಮಿ.ಮೀ. ವ್ಯಾಸ, 19 ಮಿ.ಮೀ. ದಪ್ಪದ್ದಿರಲಿ. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಬೇಡವೇ ಬೇಡ, ಅದರೊಳಗಿನ ಬಿಗುವಿಗೆ ಆಕಾರ ನಿಲ್ಲುವುದಿಲ್ಲ, ಸಿಡಿಯಲೂಬಹುದು. ಫೋಕಸ್ ಉದ್ದ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ, 1200 ಮಿ.ಮೀ. ಇಟ್ಟುಕೊಳ್ಳಿ: ಈ ಅಳತೆಗೆ ಮೇಲ್ಮೈ ಗೋಳಾಕಾರವಿದ್ದರೂ ನಡೆಯುತ್ತದೆ, ನಡುವನ್ನು ಇನ್ನೂ ತುಸು ತಗ್ಗಿಸಿ ಪ್ಯಾರಾಬೋಲಾ ಆಕಾರ ತರುವ ಉಸಾಬರಿ ತಪ್ಪುತ್ತದೆ. ಗಾಜಿನ ಕೆಳಗಿಟ್ಟು ತಿಕ್ಕುವ ಅಡಿಗಲ್ಲಿಗೆ ಡೆಂಟಲ್ ಪ್ಲಾಸ್ಟರಿನ ಬಿಲ್ಲೆ ಮಾಡಿ ಮೇಲೆ ಟೈಲ್ಸ್ ಚೂರುಗಳನ್ನು ಎಪಾಕ್ಸಿಯಿಂದ ಅಂಟಿಸಿ, ನೀರು ತಗಲುವ ಕಡೆಯೆಲ್ಲ ಎಪಾಕ್ಸಿ ಬಳಿಯಿರಿ. ಗಾಜಿನ ಅಂಚನ್ನು ಮೊದಲೇ ಒದ್ದೆ ಸಾಣೆಕಲ್ಲಿನಿಂದ 2 ಮಿ.ಮೀ. ಓರೆ ಮಾಡಿ, ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತದೆ, ಆ ಚಕ್ಕೆಯೇ ಗೀರು ಹಾಕುತ್ತದೆ.

ನೀರು ತುಂಬಿದ ಡ್ರಮ್ಮಿನ ಮೇಲೆ ಅಡಿಗಲ್ಲು ಕೂರಿಸಿ. 80ನೇ ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ (ನಂಬರು ಏರಿದಷ್ಟೂ ಪುಡಿ ನುಣುಪು) ಅರ್ಧ ಚಮಚ, ತುಸು ನೀರು, ಮೇಲೆ ಗಾಜು. ವ್ಯಾಸದ ಮೂರನೇ ಒಂದರಷ್ಟು ಹಿಂದೆ-ಮುಂದೆ ತಳ್ಳುತ್ತ ಡ್ರಮ್ಮಿನ ಸುತ್ತ ಒಂದೊಂದೇ ಹೆಜ್ಜೆ ನಡೆಯಿರಿ, ಗಾಜನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಿ. ಮೊದಲು ಕರಕರ ಸದ್ದು ಬರುತ್ತದೆ, ಕೆಲ ನಿಮಿಷದಲ್ಲಿ ಸದ್ದು ಇಳಿಯುತ್ತದೆ: ಪುಡಿ ಸತ್ತಿದೆ, ಹೊಸದು ಹಾಕಿ. ಮೇಲಿನ ಗಾಜು ನಡುವೆ ತಗ್ಗಾಗುತ್ತ ಹೋಗುತ್ತದೆ. ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಸಂದಿ ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸಿ, ನಡುವಿನ ಆಳ 1.2 ಮಿ.ಮೀ.ಗೆ ಬಂದಾಗ 80ರ ಪುಡಿ ಸಾಕು. ಲೇತ್ ಕೆಲಸದವರು ಇಲ್ಲಿ ಮಿಕ್ಕವರಿಗೆ ಗುರುವಾಗುತ್ತಾರೆ.

ಮುಂದೆ 120, 220, 400, 600 ನಂಬರಿನ ಪುಡಿ. ಹಿಂದಿನ ಪುಡಿಯ ಕುಣಿಗಳೆಲ್ಲ ಮಾಯವಾಗುವವರೆಗೆ ಒಂದೊಂದನ್ನೂ ಬಿಡಬೇಡಿ. ಲೂಪ್‌ (ಸಣ್ಣ ಭೂತಗನ್ನಡಿ) ಹಿಡಿದು ನಡುವನ್ನಷ್ಟೇ ನೋಡದೆ ಅಂಚನ್ನೂ ನೋಡಿ. ಪುಡಿ ಬದಲಿಸುವಾಗ ಬಕೆಟ್ಟು, ಕೈ, ಉಗುರು, ಡ್ರಮ್ಮು ಎಲ್ಲ ತೊಳೆದು ಹಾಸಿದ ಪತ್ರಿಕೆ ಎಸೆಯಬೇಕು. 80ರ ಒಂದೇ ಕಣ 400ರಲ್ಲಿ ಸೇರಿದರೆ ಗೀರು ಖಚಿತ. ಗುಂಪುಗಳು ಒಡೆಯುವುದು ಹೆಚ್ಚಾಗಿ ಇಂಥ ಗೀರಿನ ದಿನವೇ, ‘ನೀ ತೊಳೀಲಿಲ್ಲ’ ಅನ್ನುವ ಮಾತಿನಿಂದ. ಅದಕ್ಕೇ ತೊಳೆಯುವ ಪಾಳಿ ಮೊದಲೇ ಬರೆದು ಗೋಡೆಗೆ ಹಚ್ಚಿಬಿಡಿ. ರಾಡಿಯನ್ನು ಮೋರಿಗೆ ಸುರಿಯಬೇಡಿ, ಗಟ್ಟಿಯಾಗಿ ಪೈಪು ಕಟ್ಟುತ್ತದೆ.

ಜನ ಕಳಚಿಕೊಳ್ಳುವ ಇನ್ನೊಂದು ಜಾಗ ಪಾಲಿಶ್. ಪಿಚ್ ಕಾಯಿಸಿ ಅಡಿಗಲ್ಲಿನ ಮೇಲೆ ಸುರಿದು, ಒದ್ದೆ ಕನ್ನಡಿ ಒತ್ತಿ ಆಕಾರ ಕೊಟ್ಟು, ಚೌಕ ಚೌಕ ಕಾಲುವೆ ಕೊರೆದು ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿ ಹಾಕಿ ಆರರಿಂದ ಹತ್ತು ತಾಸು ತಿಕ್ಕಬೇಕು. ಪಿಚ್ಚಿಗೂ ಕನ್ನಡಿಗೂ ಪೂರ್ತಿ ಸಂಪರ್ಕವಿಲ್ಲದೆ ತಿಕ್ಕಿದರೆ ಅಂಚು ಕೆಳಗೆ ಬಾಗುತ್ತದೆ, ನಕ್ಷತ್ರಗಳ ಸುತ್ತ ಮಂಜು ಕವಿದಂತೆ ಕಾಣುತ್ತದೆ. ಪ್ರತಿ ಸಲವೂ ಹತ್ತು ನಿಮಿಷ ಒತ್ತಿಟ್ಟು ಶುರು ಮಾಡಿ.

ಹೊಳಪು ಬಂದ ಕನ್ನಡಿಗೆ ಅಲ್ಯೂಮಿನಿಯಂ ಲೇಪಿಸಲು ನಿರ್ವಾತ ಕೋಣೆ ಬೇಕು, ಮನೆಯಲ್ಲಿ ಆಗದ ಕೆಲಸ. ಪಾರ್ಸೆಲ್ ಕಳಿಸಿ ವಾರಗಟ್ಟಲೆ ಕಾಯುವಾಗ ಉತ್ಸಾಹ ಆರುತ್ತದೆ. ಆದ್ದರಿಂದ ಕಳಿಸುವ ಮುನ್ನ ಲೇಪವಿಲ್ಲದ ಕನ್ನಡಿಯನ್ನೇ ಟೆಲಿಸ್ಕೋಪಿನ ಪೆಟ್ಟಿಗೆಗೆ ಹಾಕಿ ಚಂದ್ರನತ್ತ ತಿರುಗಿಸಿ. ಬರೀ ಗಾಜು ಬೆಳಕಿನ ಶೇ. 4ರಷ್ಟನ್ನು ಹಿಂದಿರುಗಿಸುತ್ತದೆ, ಚಂದ್ರನಿಗೆ ಅಷ್ಟು ಧಾರಾಳ. ಓಣಿಯವರನ್ನು ಅಂದೇ ಕರೆಯಿರಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಕೂಡದು. ಪ್ಲೈವುಡ್ ಪೆಟ್ಟಿಗೆ ಮತ್ತು ಡಾಬ್ಸನ್ ಮಾದರಿಯ (ಎಡ-ಬಲ, ಮೇಲೆ-ಕೆಳಗೆ ತಿರುಗುವ) ಸ್ಟ್ಯಾಂಡನ್ನು ಬಡಿಗೇರರು ಸಲೀಸಾಗಿ ಮಾಡುತ್ತಾರೆ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಪ್ಪಟೆ ಓರೆಗನ್ನಡಿ, ಕಣ್ಣಿಟ್ಟು ನೋಡುವ 25 ಮತ್ತು 10 ಮಿ.ಮೀ. ಐಪೀಸ್ ಕೊಂಡೇ ತರಬೇಕು. ಈ ಐಪೀಸ್‌ಗಳು 48 ಮತ್ತು 120 ಪಟ್ಟು ದೊಡ್ಡದು ಮಾಡಿ ತೋರಿಸುತ್ತವೆ.

ಉಳಿದ ಪುಡಿ, ಪಿಚ್, ಗೇಜ್, ಲೂಪ್ ಒಬ್ಬರ ಮನೆಯಲ್ಲಿ ಬೀಗದೊಳಗೆ ಇರಬಾರದು. ಗ್ರಂಥಾಲಯದ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಬರೆದು ಕೊಡಿ, ಮುಂದಿನ ಜೂನ್‌ನಲ್ಲಿ ಬರುವವರು ಗಾಜು ಮತ್ತು ಹೊಸ ಪುಡಿಯ ದುಡ್ಡಷ್ಟೇ ಹಾಕಲಿ.