ಮದುಮಗಳ ಕಣ್ಣಿಗೆ ಅರ್ಧ ರೆಪ್ಪೆಯೇ ಸಾಕು

ಮದುಮಗಳ ಅಲಂಕಾರದ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನು ಕೃತಕ ರೆಪ್ಪೆಗೂದಲಿನ ಪಟ್ಟಿಯನ್ನು ಕತ್ತರಿಸದೆ, ಇಡಿಯಾಗಿಯೇ ಅಂಟಿಸುತ್ತಿದ್ದೆ. ಒಂದು ಮದುವೆಯಲ್ಲಿ ಧಾರೆ ಮುಗಿದು ಹೋಮಕ್ಕೆ ಕುಳಿತಾಗ ಹೊಗೆಗೆ ಹುಡುಗಿಯ ಕಣ್ಣಲ್ಲಿ ನೀರಾಡಿ, ಸಪ್ತಪದಿಯ ಹೊತ್ತಿಗೆ ಮೂಗಿನ ಕಡೆಯ ತುದಿ ಎದ್ದುಬಿಟ್ಟಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದ ಆ ಗಳಿಗೆಯಲ್ಲಿ ಅವಳು ಕಣ್ಣು ಮಿಟುಕಿಸುತ್ತಲೇ ಇದ್ದಳು. ಅದು ನನ್ನ ತಪ್ಪು. ಆ ನೋವು ಇನ್ನೂ ಇದೆ.

ಅಂದಿನಿಂದ ನಾನು ಪಟ್ಟಿಯನ್ನು ನಡುವೆ ಕತ್ತರಿಸಿ, ಹೊರಗಣ್ಣಿನ ಕಡೆಯ ಅರ್ಧವನ್ನಷ್ಟೇ ಬಳಸುತ್ತೇನೆ. ಕಣ್ಣೀರು ಮೊದಲು ತೋಯಿಸುವ ಒಳಮೂಲೆಯಲ್ಲಿ ಅಂಟೇ ಇಲ್ಲದಿರುವುದರಿಂದ ಅಲ್ಲಿ ಏಳುವ ಭಯವಿಲ್ಲ. ಸ್ವಂತ ರೆಪ್ಪೆಯೂ ಹೊರಗಡೆಗೆ ಉದ್ದವಾಗುತ್ತ ಹೋಗುವುದರಿಂದ ನೋಟವೂ ಸಹಜವಾಗಿರುತ್ತದೆ. ಎಳೆಗಳು ಒಂದೇ ಉದ್ದವಾಗಿರದೆ ಹೆಚ್ಚುಕಡಿಮೆ ಇರುವ, ಬುಡದ ದಾರ ತೆಳುವಾಗಿರುವ ಪಟ್ಟಿಯನ್ನೇ ಆರಿಸುತ್ತೇನೆ.

ಲೆನ್ಸ್ ಹಾಕುವವರಿದ್ದರೆ ಮೊದಲೇ ಹಾಕಿಸಿ, ಸ್ವಂತ ರೆಪ್ಪೆಯನ್ನು ಕರ್ಲರ್‌ನಿಂದ ಬಾಗಿಸಿ, ಆಮೇಲೆ ಮಸ್ಕಾರ ಹಚ್ಚುತ್ತೇನೆ. ಈ ಕ್ರಮ ತಿರುವುಮುರುವಾದರೆ ಗಟ್ಟಿಯಾದ ರೆಪ್ಪೆ ಕರ್ಲರ್‌ಗೆ ಸಿಕ್ಕಿ ಮುರಿಯುತ್ತದೆ. ಬ್ರಶ್ಶನ್ನು ಟಿಶ್ಯೂಗೆ ಒರೆಸಿ, ಬುಡದಲ್ಲಿ ಅಡ್ಡಡ್ಡ ಆಡಿಸಿ ಮೇಲಕ್ಕೆ ಎಳೆದು ಒಂದೇ ಲೇಪಕ್ಕೆ ನಿಲ್ಲಿಸುತ್ತೇನೆ. ಒಬ್ಬರಿಗೆ ಬಳಸಿದ ಬ್ರಶ್ಶನ್ನು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ. ತೆರೆದ ಮಸ್ಕಾರವನ್ನು 3 ತಿಂಗಳಿಗೆ ಎಸೆಯುತ್ತೇನೆ.

ಇಡೀ ಕೆಲಸ ನಿಂತಿರುವುದು ಅಂಟಿಗಾಗಿ ಕಾಯುವ ತಾಳ್ಮೆಯ ಮೇಲೆ. ಪಟ್ಟಿಗೆ ಹಚ್ಚಿದ ಕೂಡಲೇ ಹಾಲಿನಂತಿರುವ ಅಂಟು, ಸುಮಾರು 30 ಸೆಕೆಂಡುಗಳಲ್ಲಿ ಅಂಚಿನಿಂದ ಪಾರದರ್ಶಕವಾಗತೊಡಗಿ ಬೆರಳಿಗೆ ಜಿಗುಟಾಗುತ್ತದೆ. ಮುಹೂರ್ತದ ಅವಸರದಲ್ಲಿ ಹಸಿಯಾಗಿದ್ದಾಗಲೇ ಇಟ್ಟರೆ ಪಟ್ಟಿ ಜಾರುತ್ತದೆ. ಹುಡುಗಿಗೆ ಕಣ್ಣು ಬಿಗಿಯಾಗಿ ಮುಚ್ಚದೆ, ಮಡಿಲಲ್ಲಿಟ್ಟ ಕನ್ನಡಿಯನ್ನು ನೋಡಲು ಹೇಳಿ, ಚಿಮುಟದಿಂದ ಪಟ್ಟಿಯನ್ನು ರೆಪ್ಪೆಯ ಬುಡಕ್ಕೆ, ಚರ್ಮದ ಮೇಲೇರದಂತೆ ಇಡುತ್ತೇನೆ. ಬಳಿಕ ಎರಡನ್ನೂ ಬೆರಳುಗಳ ನಡುವೆ ಮೆಲ್ಲಗೆ ಒತ್ತಿದರೆ ಸ್ವಂತದ್ದು ಯಾವುದು, ಅಂಟಿಸಿದ್ದು ಯಾವುದು ಎಂದು ತಿಳಿಯುವುದಿಲ್ಲ. ಇದರ ಮೇಲೆ ಮತ್ತೆ ಮಸ್ಕಾರ ಹಚ್ಚಬಾರದು.

ಕೆಲವರಿಗೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲು, ಇರುವ ಅಂಟು ಒಗ್ಗುವುದಿಲ್ಲ. ಆದ್ದರಿಂದ ಒಂದೆರಡು ದಿನ ಮೊದಲೇ ಮೊಣಕೈಯ ಒಳಬದಿಗೆ ಒಂದು ಚುಕ್ಕೆ ಹಚ್ಚಿ ನೋಡುತ್ತೇನೆ.

ರಾತ್ರಿ ಬಿಚ್ಚುವಾಗ ನಾನು ಅಲ್ಲಿರುವುದಿಲ್ಲ. ಹಾಗಾಗಿ ಹೊರಡುವ ಮುನ್ನ ಮದುಮಗಳ ಅಕ್ಕನನ್ನೋ ಅತ್ತಿಗೆಯನ್ನೋ ಕರೆದು, ಎಣ್ಣೆಯಂಶವಿರುವ ಮೇಕಪ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಹಿಡಿದು, ಅಂಟು ತಾನಾಗಿ ಸಡಿಲವಾದ ಮೇಲೆ ಹೊರತುದಿಯಿಂದ ಬಿಡಿಸಬೇಕೆಂದು ಕೈಯಲ್ಲಿ ಮಾಡಿ ತೋರಿಸಿ ಬರುತ್ತೇನೆ.