ಮೊಟ್ಟೆ ಇಲ್ಲದ ಆಮ್ಲೆಟ್ ಮಾಡೋದು ಹೀಗೆ

ನಮ್ಮ ಬಳ್ಳಾರಿ ಮನೆಗಳಲ್ಲಿ ಕಡ್ಲೆ ಹಿಟ್ಟು ಯಾವಾಗಲೂ ಇರುತ್ತದೆ, ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಬಜ್ಜಿ ಬೇಕೇ ಬೇಕು ಅಲ್ವಾ. ಅದೇ ಹಿಟ್ಟಿನಲ್ಲಿ ಬೆಳಗಿನ ತಿಂಡಿಗೆ ವೆಜ್ ಆಮ್ಲೆಟ್ ಮಾಡಿ. ಇಬ್ಬರಿಗೆ 1 ಕಪ್ ಹಿಟ್ಟು ಸಾಕು, ಗರಿಗರಿ ಬೇಕಿದ್ದರೆ 2 ಚಮಚ ಅಕ್ಕಿ ಹಿಟ್ಟು ಸೇರಿಸಿ.

ನೀರನ್ನು ಒಮ್ಮೆಲೇ ಸುರಿಯಬೇಡಿ, ಸುಮ್ನೆ ಗಂಟಾಗುತ್ತದೆ. ಮೊದಲು ಸ್ವಲ್ಪ ಹಾಕಿ ಗಟ್ಟಿಯಾಗಿ ಕಲಸಿ, ಗಂಟು ಒಡೆದ ಮೇಲೆ ಉಳಿದ ನೀರು ಸೇರಿಸುತ್ತಾ ಹೋಗಿ, ಸೌಟಿನಿಂದ ಬಿಟ್ಟರೆ ದೋಸೆ ಹಿಟ್ಟಿನ ಹಾಗೆ ಜಾರಬೇಕು. ಉಪ್ಪು, ಅರಿಶಿನ, ಅಂಗೈಯಲ್ಲಿ ತಿಕ್ಕಿದ ಅಜವಾನ ಹಾಕಿ 10 ನಿಮಿಷ ಮುಚ್ಚಿಡಿ. ಅಜವಾನ ಮಾತ್ರ ಮರೆಯಬೇಡಿ, ಕಡ್ಲೆ ಹಿಟ್ಟು ಹೊಟ್ಟೆಗೆ ಭಾರ. ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಉಪ್ಪಿಗೆ ನೀರು ಬಿಟ್ಟು ಹಿಟ್ಟು ತೆಳ್ಳಗಾಗುತ್ತದೆ.

ಹಂಚು ಕಾದಿದೆಯಾ ಅಂತ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಚುರ್ ಅಂದರೆ ಸರಿ. ಎಣ್ಣೆ ಸವರಿ, ಹಿಟ್ಟು ಹಾಕಿ ಹರಡಿ, ಮುಚ್ಚಳ ಮುಚ್ಚಿ. ಉರಿ ಜಾಸ್ತಿ ಬೇಡ. ಅವಸರ ಮಾಡಿದರೆ ಒಳಗೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ, ನನಗಂತೂ ಅದು ಸೇರುವುದೇ ಇಲ್ಲ. ಮೇಲಿನ ಹಸಿ ಹೊಳಪು ಹೋಗಿ ಅಂಚು ತಾನಾಗಿಯೇ ಹಂಚು ಬಿಡುತ್ತದೆ, ಆಗ ತಿರುವಿ ಹಾಕಿ, ಅಡಿಯಲ್ಲಿ ಈರುಳ್ಳಿ ಚೂರುಗಳು ಕೆಂಪಗೆ ಹುರಿದು ಕೂತಿರುತ್ತವೆ. ಇನ್ನೂ 2 ನಿಮಿಷ ಬೇಯಲಿ.

ಶೇಂಗಾ ಚಟ್ನಿ ಪುಡಿಗೆ ಗಟ್ಟಿ ಮೊಸರು ಕಲಸಿ ಪಕ್ಕಕ್ಕಿಡಿ. ಆರಿದರೆ ಆಮ್ಲೆಟ್ ಬಿರುಸಾಗುತ್ತದೆ, ಹಂಚಿನಿಂದ ನೇರ ತಟ್ಟೆಗೆ ಹಾಕಿಕೊಂಡು ಬಿಸಿಬಿಸಿ ತಿನ್ನಿ.